ಧೂಮಪಾನ ಮತ್ತು ಯುವತಿಯರ ಸಂತಾನೋತ್ಪತ್ತಿ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಗರೇಟ್ ಸೇದುವ ಹೆಣ್ಣುಮಕ್ಕಳು ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳುವುದು ಕಡಿಮೆ. ಆಪ್ತರೊಡನೆ ಮಾತು ಮುಗಿಯುವ ಹೊತ್ತಿಗೆ ತಡವರಿಸುತ್ತ ಕೇಳುತ್ತಾರೆ, ಇಲ್ಲವೇ ಹೆಸರು ಹಾಕದ ಪತ್ರದಲ್ಲಿ ಬರೆಯುತ್ತಾರೆ. ಎಷ್ಟೋ ಸಲ ‘ನನ್ನ ಗೆಳತಿಯೊಬ್ಬಳಿಗೆ’ ಎಂದೇ ಶುರುಮಾಡುತ್ತಾರೆ. ಹೀಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡು, ಇಲ್ಲಿ ಒಟ್ಟುಮಾಡಲಾಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಮಾತೇ ಕೊನೆಯದು.

## ಮೊದಲು ತಿಳಿಯಬೇಕಾದದ್ದು

ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅದಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ?

ಶ್ವಾಸಕೋಶ ಹೊಗೆಯ ಕೊನೆಯ ನಿಲ್ದಾಣವಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲಾಗಿದೆ. ಒಳಗೆಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ, ಮತ್ತು ಅದೇ ರಕ್ತವೇ ಅಂಡಾಶಯ, ಗರ್ಭನಾಳ, ಗರ್ಭಕೋಶ ಹಾಗೂ ಗರ್ಭಕಂಠಗಳಿಗೂ ಹರಿಯುತ್ತದೆ. ಇದು ಊಹೆಯಲ್ಲ. ಸೇದುವ ಮಹಿಳೆಯರ ಅಂಡಾಣುವನ್ನು ಸುತ್ತುವರಿದ ದ್ರವದಲ್ಲಿ, ನಿಕೋಟಿನ್ ಒಡೆದು ಉಂಟಾಗುವ ಕೊಟಿನಿನ್ ಮತ್ತು ಕ್ಯಾಡ್ಮಿಯಂ ಲೋಹ ಪತ್ತೆಯಾಗಿವೆ. ಗರ್ಭಕಂಠದ ಲೋಳೆಯಲ್ಲಿಯೂ ನಿಕೋಟಿನ್ ಸಿಕ್ಕಿದೆ.

ದಿನಕ್ಕೆ ಎರಡೋ ಮೂರೋ ಸೇದುತ್ತೇನೆ, ಅಷ್ಟೆ. ಅದರಿಂದಲೂ ತೊಂದರೆಯೇ?

ಹೆಚ್ಚು ಸೇದಿದಷ್ಟೂ ಹಾನಿ ಹೆಚ್ಚು ಎಂಬುದು ನಿಜ. ಆದರೆ ಇಷ್ಟರೊಳಗಿದ್ದರೆ ಸುರಕ್ಷಿತ ಎನ್ನುವ ಗೆರೆ ಮಾತ್ರ ಇಲ್ಲ. ಕಡಿಮೆ ಸೇದಿದರೆ ಅಪಾಯವೂ ಅದೇ ಲೆಕ್ಕದಲ್ಲಿ ತಗ್ಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಹೃದಯ ಮತ್ತು ರಕ್ತನಾಳಗಳ ವಿಷಯದಲ್ಲಿ ಆ ಲೆಕ್ಕ ತಪ್ಪು: ದಿನಕ್ಕೆ 20 ಸೇದುವವರಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ. ಕಡಿಮೆ ಸೇದುವವರಿಗೆ ಒಂದು ಅನುಕೂಲವುಂಟು. ಅವರಲ್ಲಿ ಸಾಮಾನ್ಯವಾಗಿ ಚಟ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ, ಬಿಡುವುದು ಸುಲಭವಾಗಬಹುದು.

ತೆಳ್ಳನೆಯ ‘ಲೈಟ್’ ಸಿಗರೇಟ್, ಇ-ಸಿಗರೇಟ್, ಹುಕ್ಕಾ, ಇವಾದರೂ ಪರವಾಗಿಲ್ಲವೇ?

‘ಲೈಟ್’ ಸಿಗರೇಟನ್ನು ಬೆಳಕಿಗೆ ಹಿಡಿದು ನೋಡಿದರೆ ಫಿಲ್ಟರಿನ ಸುತ್ತ ಸೂಜಿಮೊನೆಯಷ್ಟು ಸಣ್ಣ ತೂತುಗಳ ಸಾಲು ಕಾಣುತ್ತದೆ. ಪರೀಕ್ಷಾ ಯಂತ್ರ ಸೇದುವಾಗ ಆ ತೂತುಗಳಿಂದ ಗಾಳಿ ಬೆರೆತು ಹೊಗೆ ತೆಳುವಾಗುತ್ತದೆ. ಮನುಷ್ಯರು ಸೇದುವಾಗ ಅವೇ ತೂತುಗಳು ಬೆರಳು ಅಥವಾ ತುಟಿಯ ಕೆಳಗೆ ಮುಚ್ಚಿಹೋಗುತ್ತವೆ. ಅದಲ್ಲದೆ, ಬೇಕಾದಷ್ಟು ನಿಕೋಟಿನ್ ಸಿಗುವವರೆಗೆ ದೇಹವೇ ಉಸಿರನ್ನು ಇನ್ನಷ್ಟು ಆಳಕ್ಕೆ ಎಳೆಸುತ್ತದೆ. ತೆಳ್ಳನೆಯ ಸಿಗರೇಟನ್ನು ಹೆಣ್ಣಿನ ಚೆಲುವಿಗೂ ಸ್ವಾತಂತ್ರ್ಯಕ್ಕೂ ಗಂಟುಹಾಕಿದ್ದು ಜಾಹೀರಾತೇ ಹೊರತು ಯಾವ ವೈದ್ಯಕೀಯ ಕಾರಣವೂ ಅಲ್ಲ.

ಇ-ಸಿಗರೇಟಿನಲ್ಲಿ ಸುಡುವ ತಂಬಾಕಿಲ್ಲ, ಆದ್ದರಿಂದ ಅನೇಕ ವಿಷಗಳು ಕಡಿಮೆ. ಆದರೆ ನಿಕೋಟಿನ್ ಇರುತ್ತದೆ, ಕೆಲವೊಮ್ಮೆ ಸಿಗರೇಟಿಗಿಂತ ಹೆಚ್ಚೇ ಇರುತ್ತದೆ, ಮತ್ತು ಅದು ಗರ್ಭದಲ್ಲಿರುವ ಮಗುವಿನ ಮಿದುಳು ಹಾಗೂ ಶ್ವಾಸಕೋಶದ ಬೆಳವಣಿಗೆಗೆ ಒಳ್ಳೆಯದಲ್ಲ. ಹುಕ್ಕಾದ ನೀರು ಹೊಗೆಯನ್ನು ತಂಪು ಮಾಡುತ್ತದೆಯೇ ಹೊರತು ವಿಷವನ್ನು ಸೋಸುವುದಿಲ್ಲ. ಅದರ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬೇರೆ ಬರುತ್ತದೆ. ಜಗಿಯುವ ತಂಬಾಕೂ ಇದಕ್ಕೆ ಹೊರತಲ್ಲ: ಗರ್ಭಿಣಿಯರಲ್ಲಿ ಅದು ಅವಧಿಗೆ ಮುಂಚಿನ ಹೆರಿಗೆಗೂ ಕಡಿಮೆ ತೂಕದ ಮಗುವಿಗೂ ದಾರಿಮಾಡುತ್ತದೆ.

ನನಗಿನ್ನೂ ಇಪ್ಪತ್ತೆರಡು. ಮಗು ಬೇಕೆನಿಸಿದಾಗ ಬಿಟ್ಟರೆ ಸಾಲದೇ?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಗೊತ್ತಿದ್ದರೆ ಎಷ್ಟೋ ಹುಡುಗಿಯರು ಬೇರೆ ತೀರ್ಮಾನ ಮಾಡುತ್ತಿದ್ದರು ಎಂದೂ ಅನಿಸುತ್ತದೆ.

ಗಂಡಸಿನ ದೇಹ ಜೀವನವಿಡೀ ಹೊಸ ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತದೆ. ಹೆಣ್ಣಿನ ಅಂಡಾಣುಗಳು ಹಾಗಲ್ಲ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಭ್ರೂಣವಾಗಿದ್ದಾಗ 60ರಿಂದ 70 ಲಕ್ಷದಷ್ಟಿರುವ ಅವು, ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷಕ್ಕೆ ಇಳಿದಿರುತ್ತವೆ. ಮೈನೆರೆಯುವಾಗ ಮೂರು-ನಾಲ್ಕು ಲಕ್ಷ ಉಳಿದಿರುತ್ತವೆ. ಅವುಗಳಲ್ಲಿ ಪಕ್ವವಾಗಿ ಹೊರಬೀಳುವುದು ಬದುಕಿನುದ್ದಕ್ಕೂ 400-500 ಮಾತ್ರ. ಉಳಿದವು ತಾವಾಗಿಯೇ ಕರಗುತ್ತ ಹೋಗುತ್ತವೆ. ಕೂಡಿಡುವ ದಾರಿಯಿಲ್ಲದೆ ಖರ್ಚಾಗುತ್ತಲೇ ಹೋಗುವ ಗಂಟು ಅದು. ಸಿಗರೇಟಿನ ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳು ಅಂಡಾಣುಗಳಲ್ಲಿ ಜೀವಕೋಶದ ಸಾವಿಗೆ ಚಾಲನೆ ಕೊಡುವ ವ್ಯವಸ್ಥೆಯನ್ನೇ ಎಚ್ಚರಿಸುತ್ತವೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮನುಷ್ಯರಲ್ಲಿ ಇದರ ಫಲ ಕಾಣುವುದು ಮುಟ್ಟು ನಿಲ್ಲುವ ವಯಸ್ಸಿನಲ್ಲಿ: ಸೇದುವವರಿಗೆ ಅದು ಸೇದದವರಿಗಿಂತ ಒಂದರಿಂದ ನಾಲ್ಕು ವರ್ಷ ಮೊದಲೇ ಬರುತ್ತದೆ.

ಇಪ್ಪತ್ತೆರಡರಲ್ಲಿ ಇದಾವುದೂ ಮೈಗೆ ತಿಳಿಯುವುದಿಲ್ಲ. ತಿಂಗಳು ತಿಂಗಳೂ ಮುಟ್ಟು ಬರುತ್ತದೆ, ನೋವಿಲ್ಲ, ಯಾವ ಸೂಚನೆಯೂ ಇಲ್ಲ. ತೊಂದರೆ ಗೊತ್ತಾಗುವುದು ಮೂವತ್ತರ ನಂತರ, ಓದು ಮತ್ತು ಉದ್ಯೋಗಗಳ ಕಾರಣಕ್ಕೆ ತಾಯ್ತನವನ್ನು ಮುಂದೂಡಿದವರಿಗೆ ಇನ್ನೂ ತಡವಾಗಿ. ಮಗು ಬೇಕೆನಿಸಿದಾಗ ಬಿಟ್ಟರೂ ಲಾಭವಿದೆ, ಖಂಡಿತ ಇದೆ. ಆದರೆ ಅಷ್ಟರಲ್ಲಿ ಕಳೆದುಹೋದ ಅಂಡಾಣುಗಳನ್ನು ಯಾವ ಔಷಧವೂ ಮರಳಿಸಲಾರದು.

ನಾನು ಸೇದುವುದಿಲ್ಲ, ನನ್ನ ಗಂಡ ಸೇದುತ್ತಾರೆ. ನನಗೂ ಇದು ಅನ್ವಯಿಸುತ್ತದೆಯೇ?

ಎರಡು ರೀತಿಯಲ್ಲಿ ಅನ್ವಯಿಸುತ್ತದೆ. ಮೊದಲನೆಯದಾಗಿ, ಪಕ್ಕದಲ್ಲಿ ಕುಳಿತು ಉಸಿರಾಡುವ ಹೊಗೆಯಲ್ಲಿಯೂ ಅದೇ ವಿಷಗಳಿವೆ. ಗರ್ಭಿಣಿಯರಲ್ಲಿ ಅದು ಮಗುವಿನ ತೂಕವನ್ನು ತಗ್ಗಿಸುತ್ತದೆ. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಅದು ಹೋಗುವುದಿಲ್ಲ, ಮನೆಯೊಳಗೆ ಸೇದದಿರುವುದೊಂದೇ ದಾರಿ. ಎರಡನೆಯದಾಗಿ, ಹೊಗೆಯಿಂದ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಕುಂದಿ, ಅವುಗಳ ಡಿಎನ್‌ಎಗೂ ಪೆಟ್ಟಾಗುತ್ತದೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಮಗು ಬೇಕೆಂದಿರುವ ದಂಪತಿಗಳಲ್ಲಿ ಗಂಡ ಕನಿಷ್ಠ ಮೂರು ತಿಂಗಳು ಮೊದಲೇ ಬಿಡುವುದು ಒಳ್ಳೆಯದು. ಮಕ್ಕಳಾಗದಿದ್ದಾಗ ಪರೀಕ್ಷೆಗಳ ಸಾಲು ಹೆಂಡತಿಯಿಂದಲೇ ಶುರುವಾಗುವ ರೂಢಿ ಇನ್ನೂ ಇದೆ, ಅದು ಹೋಗಬೇಕು.

## ಮುಟ್ಟು, ಗರ್ಭನಿರೋಧಕ, ಗರ್ಭಕಂಠ

ಮುಟ್ಟಿನ ಹೊಟ್ಟೆನೋವು ಜಾಸ್ತಿಯಾಗಿದೆ, ದಿನಗಳೂ ಹಿಂದುಮುಂದಾಗುತ್ತಿವೆ. ಸಿಗರೇಟಿನಿಂದ ಇರಬಹುದೇ?

ಇರಬಹುದು. ಸೇದುವ ಯುವತಿಯರಲ್ಲಿ ಮುಟ್ಟಿನ ನೋವು ಹೆಚ್ಚಾಗಿ, ಹೆಚ್ಚು ದಿನ ಕಾಡುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ಗರ್ಭಕೋಶದ ಒಳಪದರಕ್ಕೆ ರಕ್ತದ ಹರಿವನ್ನು ತಗ್ಗಿಸುವುದು ಅದಕ್ಕೊಂದು ಕಾರಣವೆಂದು ಭಾವಿಸಲಾಗಿದೆ. ಹೆಚ್ಚು ಸೇದುವವರಲ್ಲಿ ಋತುಚಕ್ರ ಕಿರಿದಾಗುವುದೂ ಏರುಪೇರಾಗುವುದೂ ಉಂಟು. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದವರಿಗೆ ಇನ್ನೊಂದು ಹೊರೆ: ಧೂಮಪಾನ ಇನ್ಸುಲಿನ್ ಪ್ರತಿರೋಧವನ್ನು, ಎಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದನ್ನು, ಹೆಚ್ಚಿಸುತ್ತದೆ, ಆ ಕಾಯಿಲೆಯ ಬೇರೂ ಬಹುಮಟ್ಟಿಗೆ ಅಲ್ಲಿಯೇ ಇದೆ. ಹಾಗೆಂದು ಎಲ್ಲವನ್ನೂ ಸಿಗರೇಟಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಥೈರಾಯ್ಡ್ ತೊಂದರೆ, ಎಂಡೋಮೆಟ್ರಿಯೋಸಿಸ್‌ನಂತಹ (ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಕಾರಣಗಳನ್ನು ವೈದ್ಯರೇ ನೋಡಬೇಕು.

ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೇನೆ. ಸೇದುವ ವಿಷಯ ಡಾಕ್ಟರಿಗೆ ಹೇಳಲೇಬೇಕೇ?

ಹೇಳಲೇಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನೇ ಓದಿ.

ಸಾಮಾನ್ಯವಾಗಿ ಕೊಡುವ ಸಂಯುಕ್ತ ಮಾತ್ರೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೋಜೆನ್ ಎರಡೂ ಹಾರ್ಮೋನುಗಳಿರುತ್ತವೆ. ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುತ್ತದೆ, ಧೂಮಪಾನವೂ ಅದನ್ನೇ ಮಾಡುವುದಲ್ಲದೆ ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ. ಎರಡೂ ಸೇರಿದಾಗ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಬಹಳಷ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, 35 ವರ್ಷ ದಾಟಿ ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟ್ ಸೇದುವವರಿಗೆ ಈ ಮಾತ್ರೆಯನ್ನು ಕೊಡಲೇಬಾರದು. 35 ದಾಟಿ 15ಕ್ಕಿಂತ ಕಡಿಮೆ ಸೇದುವವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. 35ರ ಒಳಗಿನವರಿಗೆ ಕೊಡಬಹುದಾದರೂ, ಕಣ್ಣೆದುರು ಮಿಂಚಿನ ಗೆರೆ ಕಾಣಿಸಿಕೊಂಡು ಬರುವ ಮೈಗ್ರೇನ್ ಅಥವಾ ಅಧಿಕ ರಕ್ತದೊತ್ತಡ ಇದ್ದರೆ ಲೆಕ್ಕವೇ ಬೇರೆ. ಸೇದುವವರಿಗೆ ಹೊಂದುವ ಬೇರೆ ಉಪಾಯಗಳು ಬೇಕಾದಷ್ಟಿವೆ: ಪ್ರೊಜೆಸ್ಟೋಜೆನ್ ಮಾತ್ರವೇ ಇರುವ ಮಾತ್ರೆ, ಕಾಪರ್-ಟಿ, ಹಾರ್ಮೋನು ಬಿಡುಗಡೆ ಮಾಡುವ ಗರ್ಭಕೋಶದ ಸಾಧನ, ಕಾಂಡೋಮ್.

ಆದರೆ ವೈದ್ಯರು ‘ಸಿಗರೇಟ್ ಅಭ್ಯಾಸವಿದೆಯೇ’ ಎಂದು ಕೇಳುವಾಗ ಪಕ್ಕದಲ್ಲಿ ತಾಯಿಯೋ ಅತ್ತೆಯೋ ಕುಳಿತಿದ್ದರೆ ‘ಇಲ್ಲ’ ಎನ್ನುವುದು ಸಹಜ. ಆ ಒಂದು ‘ಇಲ್ಲ’ದಿಂದ ತಪ್ಪು ಮಾತ್ರೆ ಕೈಸೇರುತ್ತದೆ. ಹಾಗಿದ್ದಾಗ ‘ಎರಡು ನಿಮಿಷ ನಿಮ್ಮೊಡನೆ ಒಬ್ಬಳೇ ಮಾತಾಡಬೇಕಿತ್ತು’ ಎಂದು ಕೇಳಿ, ಅದು ನಿಮ್ಮ ಹಕ್ಕು. ವೈದ್ಯರಲ್ಲಿಯೂ ಒಂದು ಮನವಿ: ಈ ಪ್ರಶ್ನೆಯನ್ನು ಜೊತೆಗೆ ಬಂದವರ ಎದುರು ಕೇಳಬೇಡಿ, ಉತ್ತರ ಬಂದ ಮೇಲೆ ಹುಬ್ಬೇರಿಸಬೇಡಿ.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದೇನೆ. ಗರ್ಭಕಂಠದ ಕ್ಯಾನ್ಸರಿನ ಚಿಂತೆ ಬಿಡಬಹುದೇ?

ಲಸಿಕೆ ಹಾಕಿಸಿಕೊಂಡದ್ದು ಬಹಳ ಒಳ್ಳೆಯದು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡಾ 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಯ ಎಚ್‌ಪಿವಿ ವೈರಸ್‌ಗಳನ್ನು ಅದು ತಡೆಯುತ್ತದೆ, ಆದರೆ ಎಲ್ಲ ಬಗೆಗಳನ್ನೂ ಅಲ್ಲ. ಎಚ್‌ಪಿವಿ ತಗುಲಿದವರಲ್ಲಿ ಬಹುಪಾಲು ಮಂದಿಯ ದೇಹ ಒಂದೆರಡು ವರ್ಷಗಳಲ್ಲಿ ತಾನೇ ಅದನ್ನು ಹೊರಹಾಕುತ್ತದೆ. ಸೇದುವವರಲ್ಲಿ ಗರ್ಭಕಂಠದ ರಕ್ಷಣಾ ಕೋಶಗಳು ಕುಂದಿರುವುದರಿಂದ ವೈರಸ್ ಹೆಚ್ಚು ಕಾಲ ಉಳಿದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಧೂಮಪಾನದಿಂದ ಉಂಟಾಗುವ ಕ್ಯಾನ್ಸರುಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಲಸಿಕೆಯಾದ ಮೇಲೂ ವೈದ್ಯರು ಹೇಳಿದ ವಯಸ್ಸಿನಿಂದ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು.

## ಗರ್ಭ ಧರಿಸುವಾಗ, ಧರಿಸಿದ ಮೇಲೆ

ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ, ಗರ್ಭ ನಿಲ್ಲುತ್ತಿಲ್ಲ. ಐವಿಎಫ್ ಮಾಡಿಸಿದರೆ ಸಿಗರೇಟಿನ ತೊಂದರೆ ದಾಟಬಹುದೇ?

ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣವನ್ನು ಗರ್ಭಕೋಶದಲ್ಲಿಡುವ ಐವಿಎಫ್‌ನಲ್ಲಿ ಗರ್ಭನಾಳವನ್ನು ಬಳಸಿಹೋಗಬಹುದು, ಹೊಗೆಯನ್ನು ಬಳಸಿಹೋಗಲಾಗದು. ಸೇದುವವರಲ್ಲಿ, ಅಂಡಾಶಯವನ್ನು ಪ್ರಚೋದಿಸಲು ಕೊಡುವ ಚುಚ್ಚುಮದ್ದಿನ ನಂತರ ಸಿಗುವ ಅಂಡಾಣುಗಳು ಕಡಿಮೆ, ಭ್ರೂಣ ಗರ್ಭಕೋಶದಲ್ಲಿ ನೆಲೆಯೂರುವ ಸಾಧ್ಯತೆಯೂ ಕಡಿಮೆ. ಗರ್ಭ ನಿಲ್ಲಲು ಸೇದದವರಿಗಿಂತ ಸುಮಾರು ಎರಡು ಪಟ್ಟು ಐವಿಎಫ್ ಪ್ರಯತ್ನಗಳು ಬೇಕಾಗುತ್ತವೆ ಎಂದು ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ ಹೇಳಿದೆ. ಬೇರೊಬ್ಬರಿಂದ ದಾನವಾಗಿ ಪಡೆದ ಅಂಡಾಣುವಿನಿಂದ ಚಿಕಿತ್ಸೆ ಪಡೆದವರಲ್ಲಿಯೂ, ಹೆಚ್ಚು ಸೇದುವವರಿಗೆ ಗರ್ಭ ನಿಂತದ್ದು ಕಡಿಮೆ. ಎಂದರೆ ತೊಂದರೆ ಅಂಡಾಣುವಿನಲ್ಲಿ ಮಾತ್ರ ಇಲ್ಲ, ಗರ್ಭಕೋಶದ ಒಳಪದರದಲ್ಲೂ ಇದೆ.

ಇದರ ಜೊತೆಗೆ ಗರ್ಭನಾಳದ ಒಳಗಿನ ಸೂಕ್ಷ್ಮ ರೋಮಗಳ ಚಲನೆಯನ್ನು ಹೊಗೆ ಕೆಡಿಸುತ್ತದೆ. ಅಂಡಾಣುವನ್ನು ಗರ್ಭಕೋಶದತ್ತ ಸಾಗಿಸುವವು ಆ ರೋಮಗಳೇ. ಸಾಗಾಟ ನಿಧಾನವಾದರೆ ಭ್ರೂಣ ನಾಳದಲ್ಲಿಯೇ ಬೆಳೆಯತೊಡಗಬಹುದು. ಸೇದುವವರಿಗೆ ಮುಟ್ಟು ತಪ್ಪಿ, ಕೆಳಹೊಟ್ಟೆಯ ಒಂದು ಪಕ್ಕ ತೀವ್ರ ನೋವು, ತಲೆಸುತ್ತು ಅಥವಾ ರಕ್ತಸ್ರಾವ ಕಾಣಿಸಿಕೊಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಾಳ ಒಡೆದರೆ ಜೀವಕ್ಕೇ ಅಪಾಯ.

ಗೊತ್ತಿಲ್ಲದೆ ಸೇದಿಬಿಟ್ಟೆ, ಈಗ ಎರಡು ತಿಂಗಳು. ಮಗುವಿಗೆ ಏನಾದರೂ ಆಗಿಬಿಟ್ಟಿದೆಯೇ?

ಮೊದಲು ಧೈರ್ಯ ತಂದುಕೊಳ್ಳಿ. ನೀವು ಈ ಪ್ರಶ್ನೆ ಕೇಳುತ್ತಿರುವ ಸಮಯ ತುಂಬ ಒಳ್ಳೆಯದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭದ 15ನೇ ವಾರದೊಳಗೆ ಪೂರ್ತಿ ಬಿಟ್ಟವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಪ್ರಮಾಣವೂ ಬೆಳವಣಿಗೆ ಕುಂಠಿತವಾದ ಮಗು ಹುಟ್ಟುವ ಪ್ರಮಾಣವೂ ಸೇದದವರಷ್ಟೇ ಇದ್ದವು. ಎಂಟನೇ ವಾರದಲ್ಲಿರುವ ನಿಮಗೆ ಆ ಅವಕಾಶ ಪೂರ್ತಿಯಾಗಿ ತೆರೆದಿದೆ.

ಮುಂದುವರಿಸಿದರೆ ಮಾತ್ರ ಕಥೆ ಬೇರೆ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಅದರ ಜಾಗವನ್ನು ಕಸಿಯುತ್ತದೆ, ಭ್ರೂಣದ ರಕ್ತದಲ್ಲಿ ಅದರ ಪ್ರಮಾಣ ತಾಯಿಗಿಂತಲೂ ಹೆಚ್ಚಾಗಿರುತ್ತದೆ. ಮಗುವಿನ ತೂಕ ಸರಾಸರಿ ಸುಮಾರು 200 ಗ್ರಾಂ ಕಡಿಮೆಯಾಗುತ್ತದೆ. ಗರ್ಭಪಾತ, ಮಾಸು ಹೆರಿಗೆಗೆ ಮೊದಲೇ ಬೇರ್ಪಡುವುದು, ಮಗು ಹೊಟ್ಟೆಯಲ್ಲಿಯೇ ತೀರಿಕೊಳ್ಳುವುದು, ಹುಟ್ಟಿದ ಮೇಲೆ ನಿದ್ದೆಯಲ್ಲಿ ಹಠಾತ್ತನೆ ಸಾಯುವುದು, ಇವೆಲ್ಲದರ ಸಾಧ್ಯತೆ ಹೆಚ್ಚುತ್ತದೆ.

ಗರ್ಭಿಣಿ ಒಮ್ಮೆಲೇ ಬಿಟ್ಟರೆ ಮಗುವಿಗೆ ಆಘಾತವಾಗುತ್ತದಂತೆ, ನಿಧಾನಕ್ಕೆ ಕಡಿಮೆ ಮಾಡಬೇಕಂತೆ. ಹೌದೇ?

ಇಲ್ಲ. ಒಮ್ಮೆಲೇ ಬಿಡುವುದರಿಂದ ಮಗುವಿಗೆ ಯಾವ ಕೇಡೂ ಇಲ್ಲ. ಕೆಲವು ಆಸ್ಪತ್ರೆಗಳಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವೊಂದಿರುತ್ತದೆ. ಹದಿನೈದು ಸೆಕೆಂಡು ಉಸಿರು ಹಿಡಿದು ಅದರ ಕೊಳವೆಗೆ ಮೆಲ್ಲಗೆ ಊದಿದರೆ ನಿಮ್ಮ ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಷ್ಟೆಂದು ಅಂಕಿ ಮೂಡುತ್ತದೆ. ಸೇದುವುದನ್ನು ನಿಲ್ಲಿಸಿ ಒಂದೆರಡು ದಿನ ಬಿಟ್ಟು ಊದಿದರೆ ಆ ಅಂಕಿ ಸೇದದವರ ಮಟ್ಟಕ್ಕೆ ಇಳಿದಿರುತ್ತದೆ. ಮಗುವಿಗೆ ಅಷ್ಟು ಬೇಗ ಆಮ್ಲಜನಕ ಹೆಚ್ಚು ಸಿಗುತ್ತದೆ.

ಹೆರಿಗೆಯಾಗಿ ಮತ್ತೆ ಸೇದಲು ಶುರುಮಾಡಿದ್ದೇನೆ. ಎದೆಹಾಲು ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ನಿಕೋಟಿನ್ ಹಾಲಿಗೆ ಬರುತ್ತದೆ, ಹಾಲಿನ ಪ್ರಮಾಣವನ್ನೂ ತಗ್ಗಿಸಬಹುದು. ಹಾಗಿದ್ದರೂ ಎದೆಹಾಲಿನ ಲಾಭವೇ ದೊಡ್ಡದು. ಬಿಡಲಾಗದ ದಿನ ಹಾಲುಣಿಸುವ ಮೊದಲು ಸೇದಬೇಡಿ. ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು. ಮನೆಯ ಹೊರಗೇ ಸೇದಿ, ಕೈ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ, ಮಗುವನ್ನು ನಿಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬೇಡಿ.

## ಬಿಡುವಾಗ

ಬಿಟ್ಟರೆ ದಪ್ಪಗಾಗುತ್ತೇನೆಂಬ ಭಯ. ನಿಜವೇ?

ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವರಿಗೆ ಏರುವುದೇ ಇಲ್ಲ, ಕೆಲವರಿಗೆ ಹೆಚ್ಚು ಏರುತ್ತದೆ. ಆ ತೂಕವನ್ನು ಆಮೇಲೆ ಇಳಿಸಿಕೊಳ್ಳಬಹುದು. ಬಿಡುವ ಮೊದಲ ವಾರಗಳಲ್ಲೇ ಕಟ್ಟುನಿಟ್ಟಿನ ಪಥ್ಯ ಶುರುಮಾಡಿ ಎರಡು ಹೋರಾಟಗಳನ್ನು ಒಟ್ಟಿಗೆ ಹೂಡಬೇಡಿ.

ಮುಟ್ಟಿಗೆ ಮುಂಚಿನ ವಾರದಲ್ಲಿ ತಡೆಯಲಾಗದಷ್ಟು ಸೇದಬೇಕೆನಿಸುತ್ತದೆ. ನನ್ನದು ಮನೋಬಲದ ಕೊರತೆಯೇ?

ಅಲ್ಲ. ಆ ವಾರದಲ್ಲಿ ಹಾರ್ಮೋನುಗಳ ಏರಿಳಿತದಿಂದ ಬರುವ ಸಿಡುಕು, ಬೇಸರಗಳೂ ನಿಕೋಟಿನ್ ಬಿಟ್ಟಾಗಿನ ಚಡಪಡಿಕೆಯೂ ಅನೇಕರಲ್ಲಿ ಒಂದರ ಮೇಲೊಂದು ಕೂಡುತ್ತವೆ. ಹೆಂಗಸರ ದೇಹ ನಿಕೋಟಿನ್ನನ್ನು ಗಂಡಸರಿಗಿಂತ ಬೇಗ ಒಡೆಯುತ್ತದೆ. ಈಸ್ಟ್ರೋಜೆನ್ ಇರುವ ಮಾತ್ರೆ ನುಂಗುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇನ್ನೂ ಬೇಗ. ಆದ್ದರಿಂದ ಮುಂದಿನ ಸಿಗರೇಟಿನ ಹಂಬಲವೂ ಬೇಗ ಬರುತ್ತದೆ. ಬಿಡುವ ದಿನವನ್ನು ಮುಟ್ಟು ಮುಗಿದ ಕೂಡಲೇ ಇಟ್ಟುಕೊಂಡು ನೋಡಬಹುದು. ಚಡಪಡಿಕೆ ಮೊದಲ ಎರಡು-ಮೂರು ದಿನ ಉತ್ತುಂಗದಲ್ಲಿದ್ದು ಮೂರು-ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ನಿಕೋಟಿನ್ ಪ್ಯಾಚ್ ಅಥವಾ ಗಮ್, ಜೊತೆಗೆ ಆಪ್ತಸಮಾಲೋಚನೆ, ಎರಡೂ ಸೇರಿದರೆ ಯಶಸ್ಸು ಹೆಚ್ಚು. ಗರ್ಭಿಣಿಯರು ಪ್ಯಾಚ್, ಗಮ್‌ಗಳನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು.

ಬಿಟ್ಟ ಮೇಲೆ ಏನೇನು ಸರಿಹೋಗುತ್ತದೆ?

ಗರ್ಭಧಾರಣೆಯ ಸಾಮರ್ಥ್ಯದಲ್ಲಿ ಆಗಿದ್ದ ಇಳಿಕೆಯ ಬಹುಭಾಗ ಸುಮಾರು ಒಂದು ವರ್ಷದಲ್ಲಿ ಸರಿಹೋಗಬಹುದು. ಗರ್ಭಕಂಠದ ಕ್ಯಾನ್ಸರಿನ ಅಪಾಯ ವರ್ಷಗಳು ಕಳೆದಂತೆ ಇಳಿಯುತ್ತದೆ. ಮುಟ್ಟು ಬೇಗ ನಿಲ್ಲುವ ಅಪಾಯವೂ ಬಿಟ್ಟು ಹಲವು ವರ್ಷಗಳಾದವರಲ್ಲಿ ಈಗಲೂ ಸೇದುವವರಿಗಿಂತ ಕಡಿಮೆ. ಮರಳದಿರುವುದು ಆಗಲೇ ಸವೆದ ಅಂಡಾಣುಗಳ ದಾಸ್ತಾನು ಒಂದೇ.

## ಇನ್ನಷ್ಟು ಆಳಕ್ಕೆ ಇಳಿದು ಕೇಳಿದವು

ಸೇದುವವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆ ಎಂದು ಓದಿದೆ. ಹಾಗಾದರೆ ಲಾಭವೂ ಇದೆಯಲ್ಲವೇ?

ಓದಿದ್ದು ಸುಳ್ಳಲ್ಲ. ಧೂಮಪಾನ ದೇಹದಲ್ಲಿ ಈಸ್ಟ್ರೋಜೆನ್ನಿನ ಪ್ರಭಾವವನ್ನು ಕುಗ್ಗಿಸುತ್ತದೆ, ಮತ್ತು ಆ ಕ್ಯಾನ್ಸರಿಗೆ ಈಸ್ಟ್ರೋಜೆನ್ನೇ ಪ್ರಚೋದಕ. ಆದ್ದರಿಂದ, ಮುಖ್ಯವಾಗಿ ಮುಟ್ಟು ನಿಂತ ಮಹಿಳೆಯರಲ್ಲಿ, ಅದರ ಪ್ರಮಾಣ ಕಡಿಮೆ ಕಂಡಿದೆ. ಆದರೆ ಆ ಕುಗ್ಗುವಿಕೆಯಿಂದಲೇ ಮೂಳೆಗಳು ಸವೆಯುತ್ತವೆ. ಗರ್ಭಿಣಿಯರ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕೂಡ ಸೇದುವವರಲ್ಲಿ ಕಡಿಮೆ. ಹಾಗೆಂದು ಅದೇನಾದರೂ ಬಂದರೆ ಸೇದುವ ತಾಯಿಯ ಮಗುವಿಗೆ ಆಗುವ ಕೇಡು ಹೆಚ್ಚು. ಒಂದು ಕ್ಯಾನ್ಸರ್ ತಗ್ಗಿದ್ದನ್ನು ಎಣಿಸುವಾಗ ಗರ್ಭಕಂಠ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಹೆಚ್ಚಿದ್ದನ್ನೂ ಎಣಿಸಬೇಕು. ಮೊದಲ ಮಗುವಿಗೆ ಮುಂಚೆಯೇ ಸೇದಲು ಶುರುಮಾಡಿದವರಲ್ಲಿ ಸ್ತನ ಕ್ಯಾನ್ಸರ್ ಕೂಡ ತುಸು ಹೆಚ್ಚು.

ಹಲವು ವರ್ಷ ಸೇದಿದ್ದೇನೆ. ಎಎಂಎಚ್ ಪರೀಕ್ಷೆ ಮಾಡಿಸಿ ಅಂಡಾಣು ಎಷ್ಟು ಉಳಿದಿವೆ ಎಂದು ನೋಡಬಹುದೇ?

ಆ ರಕ್ತಪರೀಕ್ಷೆ ಅಂಡಾಶಯದಲ್ಲಿ ಉಳಿದಿರುವ ದಾಸ್ತಾನಿನ ಅಂದಾಜು ಕೊಡುತ್ತದೆ, ಸೇದುವವರಲ್ಲಿ ಅದರ ಮಟ್ಟ ಕಡಿಮೆ ಇರುವುದೂ ಕಂಡುಬಂದಿದೆ. ಆದರೆ ಅಂಡಾಣುಗಳ ಗುಣಮಟ್ಟವನ್ನು ಅದು ಹೇಳುವುದಿಲ್ಲ, ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂಬುದನ್ನೂ ಹೇಳುವುದಿಲ್ಲ. ಅಂಕಿ ಚೆನ್ನಾಗಿ ಬಂದಿತೆಂದು ಸೇದುವುದನ್ನು ಮುಂದುವರಿಸುವುದೂ, ಕಡಿಮೆ ಬಂದಿತೆಂದು ಆಸೆ ಬಿಡುವುದೂ ಎರಡೂ ತಪ್ಪು. ಐವಿಎಫ್‌ಗೆ ಅಥವಾ ಅಂಡಾಣು ಶೈತ್ಯೀಕರಣಕ್ಕೆ ಯೋಚಿಸುತ್ತಿರುವವರಿಗೆ ಮಾತ್ರ ಇದು ನಿಜಕ್ಕೂ ಉಪಯುಕ್ತ.

ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಸೇದುತ್ತಿದ್ದರು. ಅದರ ಪರಿಣಾಮ ನನ್ನ ಮೇಲೂ ಇರುತ್ತದೆಯೇ?

ನಿಮ್ಮ ಎಲ್ಲ ಅಂಡಾಣುಗಳೂ ರೂಪುಗೊಂಡದ್ದು ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ, ಆದ್ದರಿಂದ ಪ್ರಶ್ನೆ ಸರಿಯಾದದ್ದೇ. ಸೇದುವ ತಾಯಂದಿರ ಗಂಡುಮಕ್ಕಳಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹೆಣ್ಣುಮಕ್ಕಳ ಬಗ್ಗೆ ಬಂದ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಈ ಕಾರಣಕ್ಕೆ ಅಮ್ಮನ ಮೇಲೆ ಕೋಪ ಬೇಡ, ಪ್ರತ್ಯೇಕ ಪರೀಕ್ಷೆಯೂ ಬೇಡ. ಅಮ್ಮನನ್ನು ಕೇಳಿ ತಿಳಿಯಬೇಕಾದ್ದು ಇನ್ನೊಂದಿದೆ: ಅವರಿಗೆ ಮುಟ್ಟು ಯಾವ ವಯಸ್ಸಿಗೆ ನಿಂತಿತು? ತಾಯಿಗೆ ನಲವತ್ತೈದರ ಒಳಗೇ ನಿಂತಿದ್ದರೆ ಮಗಳಿಗೂ ಬೇಗ ನಿಲ್ಲುವ ಸಾಧ್ಯತೆ ಹೆಚ್ಚು. ನೀವೂ ಸೇದುತ್ತಿದ್ದರೆ ಅದರ ಮೇಲೆ ಇನ್ನೊಂದಷ್ಟು ವರ್ಷ ಕಳೆಯಬಹುದು. ಸ್ತ್ರೀರೋಗ ತಜ್ಞರನ್ನು ಕಾಣುವಾಗ ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಹೇಳಿ.